ದೋಣಿಗೆ ಎಣ್ಣೆ ಹಚ್ಚುವವರು ಯಾರು?

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಕರಾವಳಿ ಊಟದ ಹೋಟೆಲುಗಳು ಈಗ ಒಂದಾ ಎರಡಾ? ನೀರ್ದೋಸೆ, ಕೋರಿ ರೊಟ್ಟಿ, ಅಂಜಲ್ ಫ್ರೈ ಎಲ್ಲವೂ ಮನೆ ಹತ್ತಿರವೇ ಸಿಗುತ್ತೆ. ಒಳಗೆ ಕಾಲಿಟ್ಟರೆ ಕೆಲವು ಕಡೆ ಗೋಡೆ ಮೇಲೆ ಬಲೆ, ಸೂರಿಗೆ ಲಾಟೀನು, ಮೂಲೆಯಲ್ಲಿ ಒಂದು ಹಳೇ ಮರದ ದೋಣಿ. ಅದನ್ನು ನೆಟ್ಟಗೆ ನಿಲ್ಲಿಸಿ ಒಳಗೆ ಹಲಗೆ ಹೊಡೆದು ಕಪಾಟು ಮಾಡಿರುವುದೂ ಉಂಟು. ಮಕ್ಕಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಚೆಂದವೇ. ಆದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಬಿರುಕಿನ ಮೇಲೆ. ತಳದಿಂದ ಮೂತಿವರೆಗೆ ಉದ್ದಕ್ಕೂ ಸೀಳಿರುತ್ತೆ. ಅದರ ಮೇಲೆ ಪಳಪಳ ವಾರ್ನಿಶ್.

ನನ್ನ ತವರು ಕುಂದಾಪುರ ತಾಲ್ಲೂಕಿನ ಒಂದು ಕುದ್ರು. ಕುದ್ರು ಅಂದರೆ ಹೊಳೆ ನಡುವಿನ ನಡುಗಡ್ಡೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಅಂತ ಐದು ಹೊಳೆಗಳು ಗಂಗೊಳ್ಳಿ ಹತ್ತಿರ ಸೇರಿ ಸಮುದ್ರಕ್ಕೆ ಹೋಗುತ್ತವೆ. ಪಂಚಗಂಗಾವಳಿ ಅನ್ನುತ್ತಾರೆ. ಅಲ್ಲಿನ ಕುದ್ರುಗಳಲ್ಲಿ ಹುಟ್ಟಿದವರಿಗೆ ದೋಣಿ ಅಂದರೆ ನಿಮ್ಮ ಮನೆ ಮುಂದಿನ ಸ್ಕೂಟರ್ ಇದ್ದ ಹಾಗೆ. ಶಾಲೆಗೆ, ಪೇಟೆಗೆ, ಮದುವೆ ದಿಬ್ಬಣಕ್ಕೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೇ. ನಮ್ಮನೇಲಿ ಒಂದೇ ಮರ ಕೊರೆದು ಮಾಡಿದ ಪಾತಿ ದೋಣಿ ಇದೆ. ನನ್ನ ಅಜ್ಜನ ಕಾಲದ್ದು. ತೆಂಗಿನಕಾಯಿ, ಹುಲ್ಲು, ಗೊಬ್ಬರ, ಭತ್ತ, ನಾವು ಐದು ಮಕ್ಕಳು ಎಲ್ಲರೂ ಅದರಲ್ಲೇ ಹೊಳೆ ದಾಟಿದವರು. ಆಮೇಲೆ ಸೇತುವೆ ಬಂತು. ದೋಣಿ ಕೊಟ್ಟಿಗೆ ಸೇರಿತು.

ಹೋದ ವರ್ಷ ಊರಿಂದ ಅಣ್ಣನ ಫೋನು. ಹೋಟೆಲುಗಳಿಗೆ ಅಲಂಕಾರದ ಸಾಮಾನು ಒದಗಿಸುವವರು ಒಬ್ಬರು ಬಂದಿದ್ದಾರೆ, ದೋಣಿಗೆ ಒಳ್ಳೇ ಬೆಲೆ ಕೊಡ್ತಾರಂತೆ, ಬೆಂಗಳೂರಿಗೇ ಬರುತ್ತೆ, ಬೇಕಾದ್ರೆ ನೀನು ಹೋಗಿ ನೋಡ್ಕೊಂಡು ಬರಬಹುದು ಅಂದ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಅದೇ ಮಾತು. ಒಬ್ಬರು ಕೊಡೋಣ ಅಂದರು, ಒಬ್ಬರು ಬೇಡ ಅಂದರು, ಒಬ್ಬರು ಬರೀ ಕೈಮುಗಿಯುವ ಚಿತ್ರ ಹಾಕಿದರು. ಹೌದು, ಇಲ್ಲ ಅನ್ನುವ ಮೊದಲು ನನಗೆ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಮರದ ದೋಣಿಯನ್ನು ಉಳಿಸುವುದು ಅಂದರೆ ಏನು? ಅದನ್ನು ಕೇಳುತ್ತಾ ಹೋದಾಗ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಂದು ಮರ, ಒಂದು ದೋಣಿ

ನಮ್ಮ ದೋಣಿಗೆ ಆಗಾಗ ತೇಪೆ ಹಾಕಿಕೊಡುತ್ತಿದ್ದ ಮೇಸ್ತ್ರಿ ಇನ್ನೂ ಇದ್ದಾರೆ. ಎಪ್ಪತ್ತು ದಾಟಿದೆ. ಹೊಸ ದೋಣಿ ಮಾಡಿ ಬಹಳ ವರ್ಷ ಆಯ್ತಂತೆ. ಕೇಳಿದ್ದಕ್ಕೆಲ್ಲ ಖುಷಿಯಿಂದ ಉತ್ತರ ಕೊಟ್ಟರು.

ಪಾತಿ ದೋಣಿಗೆ ಮುಖ್ಯವಾಗಿ ಮಾವು, ಹೆಬ್ಬಲಸು. ನೆಟ್ಟಗೆ ಬೆಳೆದ, ಗಂಟು ಕಡಿಮೆ ಇರುವ, ಹೊಟ್ಟೆ ಟೊಳ್ಳಾಗದ ಮರ ಬೇಕು. ಮಾವು ಸುಲಭಕ್ಕೆ ಸಿಗುತ್ತೆ, ಕೆತ್ತಲು ಮೆತ್ತಗೆ, ಆದರೆ ಬಾಳಿಕೆ ಕಡಿಮೆ. ಹೆಬ್ಬಲಸು ಪಶ್ಚಿಮ ಘಟ್ಟದ ಮರ, ನಮ್ಮ ಹಲಸಿನ ಹತ್ತಿರದ ನೆಂಟ. ನೀರಿಗೂ ಹುಳಕ್ಕೂ ಜಗ್ಗುವುದಿಲ್ಲ. ಅದರ ದೋಣಿ ಇದ್ದವರು ಅದನ್ನು ಮಗಳ ಚಿನ್ನದ ಹಾಗೆ ನೋಡಿಕೊಳ್ಳುತ್ತಿದ್ದರು.

ಮರ ಉರುಳಿಸಿದ ಕೂಡಲೇ ಕೆತ್ತುವುದಿಲ್ಲ. ಸ್ವಲ್ಪ ಕಾಲ ಹೊಳೆ ನೀರಿನಲ್ಲಿ ಮುಳುಗಿಸಿಡುತ್ತಾರೆ. ಮರದ ರಸ ಇಳಿದು ಹೋಗಲಿ, ಒಂದೇ ಸಲಕ್ಕೆ ಒಣಗಿ ಸೀಳದಿರಲಿ ಅಂತ. ಆಮೇಲೆ ಕೊಡಲಿಯಲ್ಲಿ ಹೊರಮೈ, ಬಾಚಿಯಲ್ಲಿ ಒಳಹೊಟ್ಟೆ, ಉಳಿಯಲ್ಲಿ ನಯಗೆಲಸ. ತಳ ದಪ್ಪ, ಅಂಚಿಗೆ ಬರುತ್ತಾ ತೆಳು. ಎಷ್ಟು ತೆಳು ಅಂತ ಅಳೆಯುವುದು ಹೇಗೆ ಅಂತ ಕೇಳಿದೆ. ಅವರು ಬೆರಳ ಗೆಣ್ಣಿನಿಂದ ನಮ್ಮ ದೋಣಿಯ ಮೈ ತಟ್ಟುತ್ತಾ ಹೋದರು. ತಳದಲ್ಲಿ ದಡ್ ದಡ್ ಅನ್ನುವ ಸದ್ದು ಅಂಚಿನ ಹತ್ತಿರ ಟಕ್ ಟಕ್ ಆಯಿತು. "ಕೆಮಿಗೆ ಗೊತ್ತಾತ್ತ್" ಅಂದರು. ಕಿವಿಗೆ ಗೊತ್ತಾಗುತ್ತೆ ಅಂತ.

ಅವರ ಬಳಿ ನಕ್ಷೆ ಇಲ್ಲ. ಅಳತೆಯೆಲ್ಲ ಗೇಣು, ಮೊಳ, ಬೆರಳು. ಹೊಳೆಯ ದೋಣಿಗೆ ತಳ ಚಪ್ಪಟೆ, ಅಳಿವೆ ದಾಟಿ ಸಮುದ್ರಕ್ಕೆ ಹೋಗುವ ದೋಣಿಗೆ ಮೂತಿ ಎತ್ತರ. ಯಾಕೆ ಅಂದರೆ ಅಲೆ ಬಂದಾಗ ಮೂತಿ ಏಳಬೇಕು, ನೀರು ಕುಡಿಯಬಾರದು. ಇದೆಲ್ಲ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ತಂದೆಯ ಪಕ್ಕ ಕೂತು ಉಳಿ ಹರಿತ ಮಾಡುತ್ತಾ ಕಲಿತದ್ದು. ಅವರ ಮಗ ಉಡುಪಿಯಲ್ಲಿ ಕಿಟಕಿ, ಬಾಗಿಲು, ಮಾಡ್ಯುಲರ್ ಕಿಚನ್ ಕೆಲಸ ಮಾಡುತ್ತಾನೆ. ಒಳ್ಳೇ ಸಂಪಾದನೆ. ಅದನ್ನು ಅವರು ಬೇಸರದಿಂದ ಹೇಳಲಿಲ್ಲ. ಸಮಾಧಾನದಿಂದಲೇ ಹೇಳಿದರು.

ಒಣಗಿದರೆ ಬಿರುಕು, ನೆನೆದರೆ ಹುಳ

ಬೆಂಗಳೂರಿಗೆ ಬಂದ ದೋಣಿ ಯಾಕೆ ಸೀಳುತ್ತೆ? ಕಾರಣ ಸರಳ. ಮರದೊಳಗಿನ ತೇವ ಸುಮಾರು ಶೇ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗಲು ಶುರುವಾಗುತ್ತೆ. ಅದೂ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆ ಕಡೆಗಿನ ಕುಗ್ಗುವಿಕೆಯ ಹೆಚ್ಚು ಕಡಿಮೆ ಎರಡು ಪಟ್ಟು. ಈ ಎಳೆದಾಟದಲ್ಲಿ ಮರ ಸೀಳುತ್ತೆ. ಹೊಳೆ ದಂಡೆಯ ತೇವದ ಗಾಳಿಯಲ್ಲಿ ಬಾಳಿದ ದೋಣಿಯನ್ನು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ನಮ್ಮೂರಿಗೆ ತಂದು, ಫೆಬ್ರುವರಿ–ಮಾರ್ಚಿನ ಒಣಹವೆಯಲ್ಲಿ, ಏಸಿ ಹಾಕಿದ ಕೋಣೆಯಲ್ಲಿ ನಿಲ್ಲಿಸಿದರೆ ಇನ್ನೇನಾಗುತ್ತೆ? ನಮ್ಮ ಹಿಮ್ಮಡಿ ಒಡೆಯುವ ಹಾಗೇ ಅದರದ್ದೂ ಒಡೆಯುತ್ತೆ.

ಹಾಗಂತ ಸದಾ ನೀರಿನಲ್ಲೇ ಬಿಟ್ಟರೆ? ಉಪ್ಪುನೀರಿನಲ್ಲಿ ಮರ ಕೊರೆಯುವ ಜೀವಿ ಇದೆ. ನಾವು ಹುಳ ಅನ್ನುತ್ತೇವೆ, ನಿಜವಾಗಿ ಅದು ಹುಳವೇ ಅಲ್ಲ. ನಮ್ಮ ಕಡೆಯವರು ಪಲ್ಯ ಮಾಡಿ ತಿನ್ನುವ ಮಳಿ, ಚಿಪ್ಪಿಗಳ ಕುಲದ್ದು. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಹೊಕ್ಕು, ಅಲ್ಲೇ ಬೆಳೆದು, ಒಳಗೆ ಸುರಂಗ ತೋಡುತ್ತೆ. ಹೊರಗಿಂದ ನೋಡಿದರೆ ದೋಣಿ ಗಟ್ಟಿಮುಟ್ಟು, ಒಂದು ದಿನ ಕಾಲಿಟ್ಟರೆ ತಳವೇ ಕುಸಿದೀತು.

ಒಣಗಿಸಲೂ ಬಾರದು, ನೆನೆಸಿಡಲೂ ಬಾರದು. ಇವೆರಡರ ನಡುವಿನ ದಾರಿಯೇ ವರ್ಷಕ್ಕೊಂದು ಸಲದ ಆರೈಕೆ. ದೋಣಿಯನ್ನು ದಡಕ್ಕೆ ಎಳೆದು, ನೆರಳಲ್ಲಿ ಕವುಚಿ ಹಾಕಿ, ಪಾಚಿ–ಚಿಪ್ಪು ಕೆರೆದು, ಒಣ ತೆಂಗಿನ ಗರಿಯ ಬೆಂಕಿಯಲ್ಲಿ ತಳವನ್ನು ಹದವಾಗಿ ಬಿಸಿ ಮಾಡಿ, ಎಣ್ಣೆ ಹಚ್ಚುವುದು. ಯಾವ ಎಣ್ಣೆ? ಬೂತಾಯಿ ಮೀನಿನದ್ದು (ನಮ್ಮ ಕಡೆ ಬೈಗೆ ಅಂತೇವೆ), ಗೇರುಬೀಜದ ಸಿಪ್ಪೆಯದ್ದು, ಸುರಹೊನ್ನೆ ಬೀಜದ್ದು. ಗೇರುಸಿಪ್ಪೆ ಎಣ್ಣೆ ಕೈಗೆ ತಾಗಿದರೆ ಬೊಕ್ಕೆ ಏಳುತ್ತೆ, ಅಷ್ಟು ಖಾರ. ಹುಳಕ್ಕೂ ಅದೇ ಭಯ. ಮೀನೆಣ್ಣೆಯ ವಾಸನೆ ಬಗ್ಗೆ ನಾನು ಹೇಳುವುದಿಲ್ಲ, ಒಂದು ವಾರ ಮನೆ ಹತ್ತಿರ ನೆಂಟರು ಸುಳಿಯುತ್ತಿರಲಿಲ್ಲ ಅಂದರೆ ಸಾಕು! ಮಳೆಗಾಲದ ಕೆಂಪು ನೀರೂ ಒಂದು ಔಷಧ. ಹೊಳೆ ಉಕ್ಕಿ ಹಿನ್ನೀರು ಸಿಹಿಯಾದಾಗ ಆ ಉಪ್ಪುನೀರಿನ ಜೀವಿ ಬದುಕುವುದಿಲ್ಲ.

ಮೇಸ್ತ್ರಿ ಹೇಳಿದ ಮಾತು ಇದು: "ದೋಣಿ ಅಂದ್ರೆ ದನ ಇದ್ದಂಗೆ ಕಾಣಿ. ದಿನಾ ಕಾಣ್ಕ್." ದಿನಾ ನೋಡಿಕೊಳ್ಳಬೇಕು. ದೋಣಿ ಹಾಳಾಗುವುದು ಹಳೆಯದಾದ್ದರಿಂದ ಅಲ್ಲ, ನೋಡಿಕೊಳ್ಳುವ ಕೈ ನಿಂತಾಗ.

ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ, ಗೊತ್ತಾ? ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. 1988ರಲ್ಲಿ ಈಗಿನ ರೂಪ ಪಡೆಯಿತು. ಸಮುದ್ರದಲ್ಲಿ ಮರ ಕೊರೆಯುವ ಜೀವಿಗಳ ಬಗ್ಗೆ, ಮೀನುಗಾರರ ಮರದ ತೆಪ್ಪ–ದೋಣಿಗಳ ಆಯುಸ್ಸು ಹೆಚ್ಚಿಸುವ ಬಗ್ಗೆ ಈ ಸಂಸ್ಥೆಯ ವಿಜ್ಞಾನಿಗಳು ವಿಶಾಖಪಟ್ಟಣದ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸಮುದ್ರವೇ ಇಲ್ಲದ ಊರಿನಲ್ಲಿ ದೋಣಿಯ ಮರದ ಚಿಂತೆ ಮಾಡಿದವರಿದ್ದಾರೆ ಅನ್ನುವುದೇ ನನಗೆ ಸಂತೋಷ ಕೊಟ್ಟ ಸಂಗತಿ.

ಮೊಳೆ ಇಲ್ಲದೆ ಹೊಲಿದ ಹಡಗು

ಪಾತಿ ದೋಣಿ ಒಂದೇ ಮರದ್ದು, ಸರಿ. ದೊಡ್ಡ ದೋಣಿ ಬೇಕಾದಾಗ? ಹಲಗೆ ಜೋಡಿಸಬೇಕು. ನಮ್ಮ ಕರಾವಳಿಯಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ಪದ್ಧತಿ ಇತ್ತು. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿನ ಮೇಲೆ ನಾರಿನ ಸಿಂಬಿ ಇಟ್ಟು, ಹಗ್ಗ ಬಿಗಿದು ಎಳೆದು, ತೂತಿಗೆ ಮರದ ಅಂಟು, ಎಣ್ಣೆ ತುಂಬುವುದು. ಲಂಗಕ್ಕೆ ಅಂಚು ಹೊಲಿದ ಹಾಗೆ. ಊರಿನ ದೊಡ್ಡ ರಂಪಣಿ ಬಲೆ ಬಿಡಲು ಬಳಸುತ್ತಿದ್ದ ದೋಣಿಗಳಲ್ಲೂ ಈ ಹೊಲಿಗೆ ಕೆಲಸ ಇತ್ತು.

ಮೊಳೆ ಯಾಕೆ ಬೇಡ? ಒಂದು, ಕಬ್ಬಿಣ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತೆ. ಎರಡು, ಹೊಲಿದ ದೋಣಿಗೆ ಒಂದು ಬಳುಕು ಇರುತ್ತೆ. ಅಲೆಯ ಹೊಡೆತಕ್ಕೆ, ಮರಳ ದಂಡೆಗೆ ಅಪ್ಪಳಿಸಿದಾಗ ಅದು ಮುರಿಯುವ ಬದಲು ಸ್ವಲ್ಪ ಬಾಗುತ್ತೆ. 14ನೇ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹಾದುಹೋದ ಪ್ರವಾಸಿ ಇಬ್ನ್ ಬತೂತ ಹೊಲಿದ ಹಡಗುಗಳ ಬಗ್ಗೆ ಇದೇ ಕಾರಣ ಬರೆದಿಟ್ಟಿದ್ದಾನೆ.

ಈ ವಿದ್ಯೆ ಬರೀ ಹಳೇ ಕತೆಯಾಗಿ ಉಳಿಯಲಿಲ್ಲ. 1980ರಲ್ಲಿ ಟಿಮ್ ಸೆವೆರಿನ್ ಅನ್ನುವ ಸಾಹಸಿ ಒಮಾನಿನಲ್ಲಿ 'ಸೋಹಾರ್' ಅನ್ನುವ ಹೊಲಿದ ಹಡಗು ಕಟ್ಟಿಸಿ, ಅದರಲ್ಲೇ ಚೀನಾದ ಕ್ಯಾಂಟನ್‌ವರೆಗೆ ಹೋದ. ಅದಕ್ಕೆ ಮರ ಹೋದದ್ದು ಎಲ್ಲಿಂದ ಅಂತೀರಿ? ಮಲಬಾರಿನಿಂದ. ಯಾವ ಮರ? ನಮ್ಮ ಮೇಸ್ತ್ರಿ ಹೊಗಳಿದ ಅದೇ ಹೆಬ್ಬಲಸು.

ಇನ್ನೂ ಹತ್ತಿರದ ಕತೆ ಕಾರವಾರದ್ದು. 2023ರ ಜುಲೈನಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಶನ್ಸ್ ಒಪ್ಪಂದ ಮಾಡಿಕೊಂಡವು. ಅಜಂತಾ ಗುಹೆಯ 5ನೇ ಶತಮಾನದ ಚಿತ್ರವೊಂದನ್ನು ನೋಡಿಕೊಂಡು ಹೊಲಿದ ಹಡಗೊಂದನ್ನು ಮತ್ತೆ ಕಟ್ಟುವುದು ಉದ್ದೇಶ. ನಕ್ಷೆ ಯಾರ ಬಳಿಯೂ ಇರಲಿಲ್ಲ, ಗೋಡೆ ಮೇಲಿನ ಚಿತ್ರ ಮಾತ್ರ ಇತ್ತು. ಅದರ ಆಕಾರ ನೀರಿನಲ್ಲಿ ನಿಲ್ಲುತ್ತೋ ಇಲ್ಲವೋ ಅಂತ ಐಐಟಿ ಮದ್ರಾಸ್‌ನಲ್ಲಿ ಮಾದರಿ ಇಟ್ಟು ಪರೀಕ್ಷೆ ಮಾಡಿದರು. ಆದರೆ ಹೊಲಿಗೆ ಹಾಕಿದ್ದು ಕೇರಳದ ಬಾಬು ಶಂಕರನ್ ಮುಂದಾಳತ್ವದ ಕುಶಲಕರ್ಮಿಗಳ ಕೈ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದಕ್ಕೆ 'ಐಎನ್‌ಎಸ್‌ವಿ ಕೌಂಡಿನ್ಯ' ಅಂತ ಹೆಸರಿಟ್ಟರು. ಹಾಯಿಯ ಮೇಲೆ ನಮಗೆಲ್ಲ ಪರಿಚಯದ ಗಂಡಭೇರುಂಡ. ಇಂಜಿನ್ ಇಲ್ಲದ ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಹೊಸ ವರ್ಷದ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಟಿವಿಯಲ್ಲಿ ಆ ಸುದ್ದಿ ನೋಡುವಾಗ ನನಗೆ ಅನ್ನಿಸಿದ್ದು ಇಷ್ಟೇ. ಹೊಲಿಯಲು ಬರುವ ನಾಲ್ಕು ಕೈ ಉಳಿದಿದ್ದವು, ಅದಕ್ಕೇ ಆ ಹಡಗು ಆಯಿತು. ಆ ಕೈಗಳೂ ಇಲ್ಲದಿದ್ದರೆ ಅಜಂತಾದ ಚಿತ್ರ ಚಿತ್ರವಾಗಿಯೇ ಇರುತ್ತಿತ್ತು.

ಯಾಕೆ ಕಡಿಮೆಯಾದವು?

"ಅಯ್ಯೋ, ಆ ಕಾಲವೇ ಚೆನ್ನಾಗಿತ್ತು" ಅಂತ ಬರೆಯುವುದು ಸುಲಭ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

1970ರ ದಶಕದ ನಡುವಿಗೆ ನಮ್ಮ ಕರಾವಳಿಗೆ ಪರ್ಸಿನ್ ಬಲೆಯ ಯಂತ್ರದ ಬೋಟುಗಳು ಬಂದವು. ದಡದಿಂದ ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿತ್ತು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಹೊರಗೆ ಹಿಡಿದರೆ ದಡದವರಿಗೆ ಏನು ಸಿಗುತ್ತೆ? ರಂಪಣಿ ನಿಂತ ಮೇಲೆ ರಂಪಣಿ ದೋಣಿ ಯಾಕೆ? ಹೊಲಿಯುವವರು ಯಾಕೆ?

ಆಮೇಲೆ ಫೈಬರ್ ದೋಣಿ ಬಂತು. ಹಗುರ. ಎಣ್ಣೆ ಬೇಡ. ಹುಳ ಬರುವುದಿಲ್ಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ನಾಡದೋಣಿಯವರಿಗೆ ಕಡಲಿಗಿಳಿಯಲು ಅವಕಾಶ ಇದೆ. ಹೆಸರು ನಾಡದೋಣಿ, ಮೈ ಮಾತ್ರ ಬಹುಮಟ್ಟಿಗೆ ಫೈಬರ್. ಮಳೆಗಾಲದ ಕಡಲಿಗೆ ಇಳಿಯುವವನು ಯಾವುದು ಹೆಚ್ಚು ಭದ್ರವೋ ಅದನ್ನೇ ಆರಿಸಿಕೊಳ್ಳಬೇಕು. ಅವನಿಗೆ "ಪರಂಪರೆ ಉಳಿಸು ಮಾರಾಯ" ಅಂತ ಹೇಳುವ ಹಕ್ಕು ನನಗಿಲ್ಲ.

ಮರದ ಸಮಸ್ಯೆ ಬೇರೆ. ದೋಣಿಯಾಗುವಷ್ಟು ದೊಡ್ಡ ಮರ ಎಲ್ಲಿದೆ? ಇದ್ದರೂ ಸುಮ್ಮನೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ಹಲವು ಸಂದರ್ಭಗಳಲ್ಲಿ ಅನುಮತಿ ಬೇಕು. ಅದು ಇರಬೇಕಾದ ಕಾನೂನೇ. ಘಟ್ಟದ ಹೆಬ್ಬಲಸು ನಿಂತಲ್ಲೇ ಇರಲಿ. ಹಾಗಾಗಿ ಇರುವ ಹಳೇ ದೋಣಿಯನ್ನು ಜೋಪಾನ ಮಾಡುವುದೇ ಜಾಣತನ. ಒಂದು ದೋಣಿ ಇನ್ನೂ 20 ವರ್ಷ ಬಾಳಿದರೆ ಒಂದು ಮರ ಅಷ್ಟು ವರ್ಷ ಕಾಡಿನಲ್ಲೋ ಹಿತ್ತಿಲಲ್ಲೋ ನಿಂತಿರುತ್ತೆ.

ಬಯಲುಸೀಮೆಯವರಿಗೂ ದೋಣಿ ಇತ್ತು

"ನಮಗೂ ಸಮುದ್ರಕ್ಕೂ ಏನು ಸಂಬಂಧ?" ಅಂತ ಬಿ.ಟಿ.ಎಂ. ಲೇಔಟಿನ ನನ್ನ ಗೆಳತಿ ಕೇಳಿದಳು. ಅವಳ ಊರು ಹೊಸಪೇಟೆ ಕಡೆ. ಹರಿಗೋಲು ಮರೆತೆಯಾ ಅಂದೆ. ಬಿದಿರು ಹೆಣೆದ ದುಂಡನೆಯ ಬುಟ್ಟಿ, ಹಿಂದೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುವ ಬುಟ್ಟಿಯಂಥ ದೋಣಿಗಳನ್ನು ನೋಡಿ ಬರೆದಿದ್ದಾನೆ. ಐನೂರು ವರ್ಷವಾದರೂ ಆಕಾರ ಬದಲಾಗಿಲ್ಲ.

ಹರಿಗೋಲಿನಿಂದ ಕಲಿಯುವುದೂ ಇದೆ. ಬಿದಿರು ಬೇಗ ಬೆಳೆಯುತ್ತೆ, ಹರಿಗೋಲು ಬೇಗ ಹಾಳಾಗುತ್ತೆ, ಮತ್ತೆ ಮತ್ತೆ ಹೆಣೆಯಬೇಕು. ಮತ್ತೆ ಮತ್ತೆ ಹೆಣೆಯುವುದರಿಂದಲೇ ಹೆಣೆಯುವವರು ಉಳಿದಿದ್ದಾರೆ. ಪಾತಿ ದೋಣಿ ಗಟ್ಟಿ, ಒಂದು ತಲೆಮಾರಿಗೆ ಒಂದು ಸಾಕು. ಹಾಗಾಗಿ ಒಂದು ತಲೆಮಾರು ಕಲಿಯದಿದ್ದರೆ ಮುಗಿಯಿತು.

ಹೊರದೇಶದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. 2021ರಲ್ಲಿ ಯುನೆಸ್ಕೊ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ಐಸ್‌ಲೆಂಡ್ ದೇಶಗಳ ಹಲಗೆ ದೋಣಿಯ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಗಮನಿಸಿ, ಪಟ್ಟಿಗೆ ಸೇರಿದ್ದು ಯಾವುದೋ ಮ್ಯೂಸಿಯಮ್ಮಿನ ಒಂದು ದೋಣಿ ಅಲ್ಲ. ಅದನ್ನು ಕಟ್ಟುವ, ನಡೆಸುವ ವಿದ್ಯೆ. ದೋಣಿ ಹೋದರೆ ಇನ್ನೊಂದು ಮಾಡಬಹುದು, ಮಾಡುವುದು ಗೊತ್ತಿದ್ದರೆ.

ನಮ್ಮನೆ ಲೆಕ್ಕ

ಕೊನೆಗೆ ನಮ್ಮ ದೋಣಿ ಏನಾಯ್ತು ಅಂತ ಕೇಳ್ತೀರಿ. ಮಾರಲಿಲ್ಲ. ಆದರೆ ಅದು ಸುಲಭಕ್ಕೆ ಆದ ತೀರ್ಮಾನ ಅಲ್ಲ. ಅಣ್ಣನಿಗೆ ಆಗ ದುಡ್ಡಿನ ಅಗತ್ಯ ಇತ್ತು. ದೋಣಿಯ ಜೊತೆ ದಿನಾ ಇರುವವನು ಅವನು, ಭಾವುಕರಾಗುವವರು ಬೆಂಗಳೂರು, ಮುಂಬೈಯಲ್ಲಿರುವ ನಾವು. "ನಿಮಗೆ ನೆನಪು ಬೇಕು, ಎಣ್ಣೆ ಹಚ್ಚೂದ್ ಯಾರ್?" ಅಂತ ಅವನು ಕೇಳಿದ್ದು ನ್ಯಾಯವೇ.

ಅದಕ್ಕೆ ನಾವು ಐವರೂ ಕೂತು ಲೆಕ್ಕ ಹಾಕಿದೆವು. ತೇಪೆಯ ಮರ, ಮೇಸ್ತ್ರಿಯ ಕೂಲಿ, ಎಣ್ಣೆ, ಕೊಟ್ಟಿಗೆಯ ಮಾಡಿನ ರಿಪೇರಿ. ಅದನ್ನು ಐದು ಪಾಲು ಮಾಡಿದೆವು. ಅಣ್ಣನ ಪಾಲು ಅವನ ದುಡಿಮೆ, ಉಳಿದ ನಾಲ್ವರದ್ದು ಹಣ. ಅವನ ಆಗಿನ ಕಷ್ಟಕ್ಕೂ ಕೈಜೋಡಿಸಿದೆವು, ಅದನ್ನು ಬಿಟ್ಟು ದೋಣಿಯ ಮಾತಾಡುವುದು ಸರಿ ಕಾಣಲಿಲ್ಲ. ಮೇಸ್ತ್ರಿ ಬಂದು ತಳ ತಟ್ಟಿ ನೋಡಿ, ಮೂರು ಕಡೆ ಕೊಳೆತ ಭಾಗ ಕೆತ್ತಿ ತೆಗೆದು ಹೊಸ ಮರ ಕೂರಿಸಿದರು. ಅಣ್ಣನ ಮಗ ಐಟಿಐ ಓದುವವನು. ಮೊದಲ ದಿನ ಮೊಬೈಲಿನಲ್ಲಿ ವಿಡಿಯೊ ಮಾಡಲು ನಿಂತ. ಎರಡನೇ ದಿನ ಮೇಸ್ತ್ರಿ ಅವನ ಕೈಗೆ ಬಾಚಿ ಕೊಟ್ಟರು. ಮೊದಲ ಏಟಿಗೆ ಚಕ್ಕೆ ಏಳಲಿಲ್ಲ, ಬಾಚಿ ಜಾರಿತು. ಮೇಸ್ತ್ರಿ ನಕ್ಕು ಕೈಯ ಕೋನ ತಿದ್ದಿದರು. ಈಗ ಅವನೇ ದೋಣಿಯ ಉದ್ದ, ಅಗಲ, ಪ್ರತಿ ಗೇಣಿಗೂ ತಳದ ದಪ್ಪ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ನಮ್ಮ ವಂಶದಲ್ಲಿ ಒಂದು ದೋಣಿಗೆ ನಕ್ಷೆ ಇರುವುದು ಇದೇ ಮೊದಲು. ದೋಣಿ ಮತ್ತೆ ಹೊಳೆಗಿಳಿದಿದೆ. ಸೇತುವೆ ಸುತ್ತಿ ಹೋಗುವ ಬದಲು ಆಚೆ ದಡದ ಗದ್ದೆಗೆ ಗೊಬ್ಬರ ಸಾಗಿಸಲು ಅದೇ ಹತ್ತಿರ ಅಂತ ಅಣ್ಣ ಈಗ ಒಪ್ಪುತ್ತಾನೆ. ಹುಡುಗ ದೋಣಿ ಮೇಸ್ತ್ರಿ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಅವನಿಗೂ ಕೆಲಸ ಬೇಕು, ಊರು ಬಿಡಬಹುದು.

ನಿಮ್ಮ ಮನೆಯಲ್ಲೂ ದೋಣಿ ಇದ್ದರೆ

ದಕ್ಷಿಣ ಬೆಂಗಳೂರಿನಲ್ಲಿ ಕುಂದಾಪುರ, ಅಂಕೋಲಾ, ಉಡುಪಿ, ಕಾಸರಗೋಡು ಕಡೆಯವರು ಎಷ್ಟು ಜನ ಇದ್ದೀರಿ! ಊರಿನ ಕೊಟ್ಟಿಗೆಯಲ್ಲಿ ಒಂದು ದೋಣಿ ಕವುಚಿ ಬಿದ್ದಿದ್ದರೆ ಈ ಕೆಲವು ಮಾತು ನಿಮಗಾಗಿ:

● ಬಿಸಿಲಿಗೆ ಬಿಡಬೇಡಿ. ನೆರಳು, ಗಾಳಿ ಇರಲಿ. ನೆಲಕ್ಕೆ ತಾಗದಂತೆ ಮೂರು–ನಾಲ್ಕು ಕಡೆ ಮರದ ತುಂಡಿನ ಆಸರೆ ಕೊಡಿ. ಎರಡೇ ತುದಿಗೆ ಕೊಟ್ಟರೆ ನಡು ಬಾಗುತ್ತೆ.

● ಬಹಳ ಕಾಲ ನೀರಿನಲ್ಲಿದ್ದುದನ್ನು ತೆಗೆದರೆ ನಿಧಾನಕ್ಕೆ ಒಣಗಲಿ. ಮೊದಲ ಕೆಲವು ವಾರ ಒದ್ದೆ ಗೋಣಿ ಹೊದಿಸಿ, ಕ್ರಮೇಣ ಕಡಿಮೆ ಮಾಡಿ.

● ನೀರಿಗಿಳಿಯುವ ದೋಣಿಗೆ ಪಳಪಳ ವಾರ್ನಿಶ್ ಬೇಡ. ಎಣ್ಣೆ ಮರದೊಳಗೆ ಇಳಿಯುತ್ತೆ, ವಾರ್ನಿಶ್ ಮೇಲೆ ಪದರವಾಗಿ ಕೂರುತ್ತೆ. ಅದು ಒಂದು ಕಡೆ ಬಿಟ್ಟುಕೊಂಡರೆ ಒಳಗೆ ಹೊಕ್ಕ ನೀರು ಅಲ್ಲೇ ನಿಂತು ಕೊಳೆಸುತ್ತೆ.

● ಗೇರುಸಿಪ್ಪೆ ಎಣ್ಣೆ ಹಚ್ಚುವಾಗ ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ.

● ರಿಪೇರಿಗೆ ಮೊದಲು ಅಳತೆ ತೆಗೆಯಿರಿ, ಫೋಟೊ ತೆಗೆಯಿರಿ. ಯಾವ ಮರ, ಯಾರ ಕೈಯಲ್ಲಿ ಆದದ್ದು, ಯಾವ ಹೊಳೆಯಲ್ಲಿ ಓಡಿದ್ದು ಅಂತ ಮನೆಯ ಹಿರಿಯರ ಬಾಯಿಂದ ಕೇಳಿ ಬರೆದಿಡಿ.

● ಹುಟ್ಟು, ಜಲ್ಲೆ, ನೀರು ತೋಡುವ ಮರಿಗೆ, ಬಾಚಿ, ಉಳಿಗಳನ್ನು ಹಳೇ ಸಾಮಾನಿನವರಿಗೆ ಕೊಡಬೇಡಿ. ದೋಣಿಯ ಜೊತೆ ಅವೂ ಇರಬೇಕು.

● ಮೇಸ್ತ್ರಿಗೆ ಕೆಲಸ ಕೊಡುವಾಗ ಜೊತೆಗೆ ಒಬ್ಬ ಹುಡುಗನ ಅಥವಾ ಹುಡುಗಿಯ ಕೂಲಿಯನ್ನೂ ಸೇರಿಸಿ ಕೊಡಿ. ಕಲಿಯುವವರಿಗೂ ಹೊಟ್ಟೆ ಇದೆ.

ಹಳೇ ದೋಣಿಯನ್ನು ಮಾರಲೇಬೇಕಾಗಿ ಬಂದರೆ ಅದು ತಪ್ಪೇನೂ ಅಲ್ಲ. ಹೋಟೆಲಿನ ಗೋಡೆಯಲ್ಲಾದರೂ ಮಕ್ಕಳು ಅದನ್ನು ನೋಡಲಿ. ಆದರೆ ಕೊಡುವ ಮೊದಲು ಆ ಅಳತೆ, ಆ ಹೆಸರು, ಆ ಮೇಸ್ತ್ರಿಯ ಮಾತು ನಿಮ್ಮ ಬಳಿ ಉಳಿಯಲಿ.

ನಿಮ್ಮ ಊರಿನಲ್ಲಿ ದೋಣಿಗೆ ಏನು ಹೆಸರು? ಅದರ ಭಾಗಗಳಿಗೆ ಏನಂತಾರೆ? ಎಣ್ಣೆ ಯಾವುದು ಹಚ್ಚುತ್ತಿದ್ದರು? ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ, ಚಂದ್ರಗಿರಿ, ತುಂಗಭದ್ರೆ, ಕಾವೇರಿ, ಯಾವ ಹೊಳೆಯವರಾದರೂ ಸರಿ, ಬರೆದು ತಿಳಿಸಿ. ನನ್ನ ಅಣ್ಣನ ಮಗನ ನೋಟ್‌ಬುಕ್ಕಿನಲ್ಲಿ ಇನ್ನೂ ತುಂಬಾ ಹಾಳೆ ಖಾಲಿ ಇದೆ.